ಮಗುವಿನ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ

ಎಲ್ಲರಿಗೂ ನಮಸ್ಕಾರ. ಡೈವೋರ್ಸ್ ಆಗುವಾಗ ಮಗು ಯಾರ ಹತ್ತಿರ ಇರಬೇಕು, ಆಸ್ತಿ ಯಾರಿಗೆ, ಇದೇ ಇವತ್ತಿನ ವಿಷಯ. ನೇರವಾಗಿ ಅದಕ್ಕೇ ಬರುತ್ತೇನೆ.

ಮೊನ್ನೆ ಒಂದು ಮಧ್ಯಸ್ಥಿಕೆಗೆ ಕೂತಿದ್ದೆ. ಗಂಡ ಹೆಂಡತಿ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದರು. ಗೆರೆ ಎಳೆದ ಹಾಳೆ, ನೀಟಾದ ಅಕ್ಷರ. ಫ್ಲಾಟು, ಕಾರು, ಒಡವೆ, ಬ್ಯಾಂಕಿನ ಡಿಪಾಜಿಟ್ಟು, ಫ್ರಿಜ್ಜು, ವಾಷಿಂಗ್ ಮಷೀನು. ಏಳನೇ ನಂಬರು, ಪಾಪು. ಅದರ ಮುಂದೆ ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದು, ಅಲ್ಲಿ ಹಾಳೆಯೇ ತೂತಾಗಿತ್ತು.

ಇಬ್ಬರೂ ಒಳ್ಳೆಯವರೇ. ಮಗು ಬೇಕು ಅಂತಲೇ ತಾನೇ ಹಾಳೆ ತೂತಾಗಿದ್ದು? ಆದರೆ ಪಾಪು ಆ ಪಟ್ಟಿಯಲ್ಲೇ ಇರಬಾರದಿತ್ತು. ಮಗುವಿನ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ. ಇದನ್ನೇ ಇವತ್ತು ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕ್ಯಾರೊಲಿನ್ ನಾರ್ಟನ್ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಇಂಗ್ಲೆಂಡಿನ ಲೇಖಕಿ. 1836ರಲ್ಲಿ ಗಂಡ ಹೆಂಡತಿ ದೂರವಾದರು. ಗಂಡ ಮೂರು ಗಂಡುಮಕ್ಕಳನ್ನೂ ತನ್ನ ಹತ್ತಿರ ಇಟ್ಟುಕೊಂಡ. ಆಗಿನ ಕಾನೂನಿನಲ್ಲಿ ಮಕ್ಕಳು ತಂದೆಯವರು, ತಾಯಿಗೆ ಕೇಳುವ ಹಕ್ಕೇ ಇಲ್ಲ. ಆಕೆ ಬರೆದರು, ಪಾರ್ಲಿಮೆಂಟಿನವರ ಬೆನ್ನು ಬಿದ್ದರು. 1839ರಲ್ಲಿ ಕಾಯ್ದೆ ಬಂತು. ಏಳು ವರ್ಷದೊಳಗಿನ ಮಗು ತನಗೆ ಬೇಕು ಅಂತ ತಾಯಿ ಕೋರ್ಟಿಗೆ ಹೋಗಬಹುದು ಅಂತಾಯಿತು. ಗೆದ್ದರು ಅಂದುಕೊಂಡಿರಾ? ಗಂಡ ಮಕ್ಕಳನ್ನು ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋಗಿದ್ದ, ಆ ಕಾಯ್ದೆ ಅಲ್ಲಿಗೆ ನಡೆಯುತ್ತಿರಲಿಲ್ಲ. 1842ರಲ್ಲಿ ಕಿರಿಯವನು ವಿಲಿಯಂ ಕುದುರೆಯಿಂದ ಬಿದ್ದ, ಗಾಯ ನಂಜಾಯಿತು. ತಾಯಿ ಹೋಗಿ ಮುಟ್ಟುವಷ್ಟರಲ್ಲಿ ಮಗು ಇರಲಿಲ್ಲ.

ಆಸ್ತಿಯ ಕಡೆಯೂ ಇದೇ ಗೋಳು. ಪುಸ್ತಕ ಬರೆದು ಆಕೆ ಗಳಿಸಿದ ದುಡ್ಡೂ ಕಾನೂನಿನ ಪ್ರಕಾರ ಗಂಡನದ್ದು. ಆಕೆ ಏನು ಮಾಡಿದರು ಗೊತ್ತಾ? ನನ್ನ ದುಡ್ಡು ಅವರದಾದರೆ ನನ್ನ ಸಾಲವೂ ಅವರದೇ ಅಲ್ವಾ ಅಂತ, ಗಂಡನ ಹೆಸರಿನಲ್ಲಿ ಸಾಮಾನು ತಂದು, ಸಾಲ ಕೊಟ್ಟವರಿಗೆ ಗಂಡನ ಮೇಲೇ ಕೇಸು ಹಾಕಿ ಅಂದರು! ನೀವು ನಗುತ್ತಿದ್ದೀರಿ, ನನಗೂ ಪ್ರತಿ ಸಲ ನಗು ಬರುತ್ತದೆ. ಹೆಂಡತಿಯ ಸಂಪಾದನೆ ಹೆಂಡತಿಯದೇ ಅನ್ನುವ ಕಾಯ್ದೆ ಅಲ್ಲಿ ಬಂದಿದ್ದು 1870ರಲ್ಲಿ. ಆಸ್ತಿಯ ಜಗಳ ಹೇಗಾದರೂ ತೀರುತ್ತದೆ, ವಿಲಿಯಂ ಮಾತ್ರ ವಾಪಸ್ ಬರಲಿಲ್ಲ. ಅದಕ್ಕೇ ಹೇಳುವುದು, ಎರಡು ಲೆಕ್ಕ ಬೇರೆ ಬೇರೆ ಇಡಿ.

ಈಗ ನಮ್ಮ ಕಡೆಗೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಲಿ ಅನ್ನುತ್ತದೆ. ಎಲ್ಲಕ್ಕಿಂತ ಮೇಲೆ ಮಗುವಿನ ಹಿತ. ಆಸ್ತಿಯ ವಿಷಯದಲ್ಲಿ ಜನ ಎಡವುವುದೇ ಜಾಸ್ತಿ. ಡೈವೋರ್ಸ್ ಆದರೆ ಅರ್ಧ ಆಸ್ತಿ ಬರುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಮದುವೆಯ ಕಾಲದಲ್ಲಿ ಮಾಡಿದ ಆಸ್ತಿಯನ್ನು ಸಮ ಪಾಲು ಮಾಡುವ ಅಂಥ ಕಾನೂನು, ಗೋವಾ ಒಂದು ಬಿಟ್ಟರೆ, ನಮ್ಮಲ್ಲಿಲ್ಲ. ಪತ್ರ ಯಾರ ಹೆಸರಿನಲ್ಲಿದೆ, ದುಡ್ಡು ಯಾರು ಕೊಟ್ಟರು ಅಂತ ನೋಡುತ್ತಾರೆ. ಹದಿನೈದು ವರ್ಷ ಮನೆ, ಮಕ್ಕಳು, ಮುದುಕರನ್ನು ನೋಡಿಕೊಂಡವಳ ಹೆಸರು ಪತ್ರದಲ್ಲಿ ಇರುವುದಿಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಸ್ತ್ರೀಧನ, ಅಂದರೆ ಮದುವೆಯಲ್ಲಿ ಅವಳಿಗೆ ಅಂತ ಕೊಟ್ಟ ಒಡವೆ, ಉಡುಗೊರೆ ಇಂಥವು ಮಾತ್ರ ಪೂರ್ತಿ ಅವಳದು, ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಕೈ ಖಾಲಿ ಇರುವವರ ಮುಂದೆ ಬರುವ ಮಾತು ಒಂದೇ: "ಜೀವನಾಂಶ ಕೇಳಬೇಡ, ಮಗು ನಿನ್ನ ಹತ್ತಿರ ಇರಲಿ." ಅವಳು ಒಪ್ಪುತ್ತಾಳೆ. ಪಾಪ, ಒಪ್ಪದೆ ಏನು ಮಾಡುತ್ತಾಳೆ? ಸ್ವಲ್ಪ ನಿಧಾನ ಮಾಡಿ, ಅಮ್ಮಾ. ನಿಮ್ಮ ಪಾಲು ನೀವು ಬಿಡಬಹುದು. ಮಗುವಿನ ಖರ್ಚಿನ ಹಕ್ಕು ಮಗುವಿನದು, ಅದನ್ನು ಮಗುವಿನ ಪರವಾಗಿ ನೀವು ಬಿಟ್ಟುಕೊಡಲು ಬರುವುದಿಲ್ಲ. ಡೈವೋರ್ಸಿನಿಂದ ಮುಗಿಯುವುದು ಗಂಡ ಹೆಂಡತಿ ಸಂಬಂಧ. ತಂದೆಯ ಕಡೆಯಿಂದ ಮಗುವಿಗೆ ಬರಬೇಕಾದ್ದು ಬಂದೇ ಬರಬೇಕು. ಹಾಗೇ ತಂದೆಯನ್ನು ನೋಡುವ ಹಕ್ಕೂ ಮಗುವಿನದೇ. ದುಡ್ಡು ಕಟ್ಟಲಿಲ್ಲ ಅಂತ ಭಾನುವಾರದ ಭೇಟಿ ನಿಲ್ಲಿಸಬೇಡಿ, ದುಡ್ಡಿಗೆ ಬೇರೆ ಅರ್ಜಿ ಹಾಕಿ. ಮತ್ತೆ ಅದೇ ಮಾತು ಬಂತು ನೋಡಿ.

ಚೀಟಿ ಬಂದಿದೆ, ಎರಡೇ ನಿಮಿಷವಂತೆ. 2020ರಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು ಅಂದಿತು, ಅದನ್ನು ವಿವರವಾಗಿ ಹೇಳಬೇಕಿತ್ತು. ಅಜ್ಜ ಅಜ್ಜಿಯರ ವಿಷಯವೂ ಉಳಿಯಿತು.

ಆ ಹಾಳೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಖಾಲಿ ಹಾಳೆ ಕೊಟ್ಟೆ, ಇದರಲ್ಲಿ ಪಾಪು ವಿಷಯ ಮಾತ್ರ ಬರೆಯಿರಿ ಅಂದೆ. ತುಂಬಾ ಹೊತ್ತು ಇಬ್ಬರೂ ಸುಮ್ನೆ ಕೂತಿದ್ದರು. ಆಮೇಲೆ ತಾಯಿ ಬರೆದರು: ರಾತ್ರಿ ಲೈಟ್ ಪೂರ್ತಿ ಆರಿಸಬಾರದು, ಹೆದರುತ್ತಾಳೆ. ತಂದೆ ಹಾಳೆ ಎಳೆದುಕೊಂಡು ಕೆಳಗೆ ಸೇರಿಸಿದರು: ಬಾತ್‌ರೂಮಿನ ಲೈಟ್ ಸಾಕು, ಬಾಗಿಲು ಸ್ವಲ್ಪ ತೆರೆದಿರಬೇಕು.