ಬುಡ ಮೊದಲು, ತಟ್ಟೆ ಆಮೇಲೆ

ಕೇಳುಗರಿಗೆ ನಮಸ್ಕಾರ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಬೋನ್ಸಾಯ್, ಅಂದರೆ ತಟ್ಟೆಯಲ್ಲಿ ಬೆಳೆಸಿದ ಕುಳ್ಳ ಮರ, ನೋಡಿ ಬಂದವರು ಮೊದಲು ಕೇಳುವ ಪ್ರಶ್ನೆ, "ಸಾರ್, ಆ ತಟ್ಟೆ ಎಲ್ಲಿ ಸಿಗುತ್ತದೆ?" ತಟ್ಟೆ ಎಲ್ಲಾದರೂ ಸಿಗುತ್ತದೆ ಸ್ವಾಮಿ. ಅದರಲ್ಲಿ ಕೂರಿಸೋಕೆ ಮರ ಎಲ್ಲಿದೆ? ಪೆನ್ಸಿಲ್ ಗಾತ್ರದ ಸಸಿಯನ್ನು ತಟ್ಟೆಗೆ ಹಾಕಿದರೆ ಎಷ್ಟು ವರ್ಷ ಕಾದರೂ ಅದು ಪೆನ್ಸಿಲ್ಲೇ. ಬುಡ ಮೊದಲು, ತಟ್ಟೆ ಆಮೇಲೆ. ಇವತ್ತು ನಾನು ಹೇಳೋದು ಇಷ್ಟೇ.

ಬುಡ ದಪ್ಪ ಆಗಬೇಕಾದರೆ ಮೇಲೆ ರೆಂಬೆ ಓಡಬೇಕು, ಕೆಳಗೆ ಬೇರು ಓಡಬೇಕು. ಎಲೆಗಳು ಮಾಡಿದ ಆಹಾರ ಕೆಳಗೆ ಇಳಿಯುತ್ತದೆ, ಆ ದಾರಿಯಲ್ಲಿರುವ ಕಾಂಡ ದಪ್ಪವಾಗುತ್ತದೆ. ತಟ್ಟೆಯಲ್ಲಿ ಬೇರಿಗೆ ಜಾಗ ಇಲ್ಲ. ಆದ್ದರಿಂದ ನೆಲದಲ್ಲಿ ನೆಡಿ. ನೆಲ ಇಲ್ಲದವರು ಹಳೆಯ ಬಕೆಟ್ಟಿಗೆ ತೂತು ಹೊಡೆದು ನೆಡಿ.

ನನ್ನ ಆಲದ ಕತೆ ಹೇಳುತ್ತೇನೆ. ಪರಿಚಯದವರ ಹಳೇ ಹೆಂಚಿನ ಮನೆ ಕೆಡವುತ್ತಿದ್ದರು. ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಒಂದು ಆಲದ ಗಿಡ. ಹಕ್ಕಿ ಹಾಕಿದ ಬೀಜ ಇರಬೇಕು. ಇಟ್ಟಿಗೆಗಳ ಸಂದಿಯಲ್ಲಿ ಬೇರು ಚಪ್ಪಟೆಯಾಗಿ ಹಬ್ಬಿತ್ತು. ಮೇಸ್ತ್ರಿ ನಕ್ಕ, "ಇದು ಸೌದೆಗೂ ಆಗಲ್ಲ ಸಾರ್." ನಾನು ಇಟ್ಟಿಗೆ ಸಮೇತ ಎತ್ತಿಕೊಂಡು ಬಂದೆ. ನೀರು ಬಿಟ್ಟು ಬಿಟ್ಟು ಗಾರೆ ಉದುರಿಸಿದೆ. ಗರಗಸ ತೆಗೆದುಕೊಂಡು ಬುಡದಿಂದ ಒಂದು ಗೇಣಿನ ಮೇಲೆ ಕತ್ತರಿಸಿದೆ. ಒಂದೇ ಒಂದು ಎಲೆ ಉಳಿಯಲಿಲ್ಲ. ಹೆದರಬೇಡಿ, ಆಲ, ಬಸರಿ, ಅತ್ತಿ ಇವೆಲ್ಲ ಗಟ್ಟಿ ಜೀವ, ಮೋಟಿನಿಂದಲೇ ಚಿಗುರುತ್ತವೆ. ಹಿತ್ತಲಲ್ಲಿ ಗುಂಡಿ ತೋಡಿ, ತಳಕ್ಕೆ ಚಪ್ಪಡಿ ಕಲ್ಲು ಹಾಕಿ, ಅದರ ಮೇಲೆ ಮಣ್ಣು ಹರಡಿ ನೆಟ್ಟೆ. ಕಲ್ಲಿದ್ದರೆ ಬೇರು ಕೆಳಗಿಳಿಯದೆ ಸುತ್ತಲೂ ಹರಡುತ್ತದೆ.

ಬಂದ ಚಿಗುರುಗಳಲ್ಲಿ ಒಂದನ್ನು ಸುಮ್ನೆ ಓಡಲು ಬಿಟ್ಟೆ. ಅದು ಬಟ್ಟೆ ಒಣಹಾಕುವ ಹಗ್ಗ ದಾಟಿ ಸಜ್ಜಾ ಮುಟ್ಟಿತು. ಮನೆಯವಳು ದಿನಾ ಬೈದಳು. ನಾನು ಕತ್ತರಿ ಮುಟ್ಟಲಿಲ್ಲ. ಬುಡ ನನ್ನ ಮಣಿಕಟ್ಟಿಗಿಂತ ದಪ್ಪ ಆದ ಮೇಲೆ ಒಂದು ಬೆಳಿಗ್ಗೆ ಆ ರೆಂಬೆಯನ್ನು ಪೂರ್ತಿ ಕೊಯ್ದು ಹಾಕಿದೆ. "ಕಡಿಯೋದೇ ಆಗಿದ್ರೆ ಇಷ್ಟು ದಿನ ನನ್ನ ಬಟ್ಟೆಗೆ ಯಾಕೆ ನೆರಳು ಮಾಡಿದ್ರಿ?" ಅಂದಳು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ರೆಂಬೆ ಇದ್ದದ್ದೇ ಬುಡ ದಪ್ಪ ಮಾಡೋಕೆ. ಕೆಲಸ ಮುಗಿಯಿತು, ಹೋಯಿತು. ಕೊಯ್ದ ಜಾಗದ ಕೆಳಗೆ ಹೊಸ ಚಿಗುರು ಬಂತು. ಅದು ಸಣ್ಣ, ಬುಡ ದಪ್ಪ. ಹೀಗೆ ಕಡಿದು ಬೆಳೆಸಿ, ಕಡಿದು ಬೆಳೆಸಿ ಮಾಡಿದರೆ ಕಾಂಡ ಮೇಲೆ ಹೋಗ್ತಾ ತೆಳ್ಳಗಾಗುತ್ತದೆ. ನೋಡಿದವರಿಗೆ ಮುದಿ ಮರ ಅನ್ನಿಸುವುದು ಅದರಿಂದಲೇ.

ಅರ್ಧಕ್ಕಿಂತ ಜಾಸ್ತಿ ಸಮಯ ಆಲಕ್ಕೇ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಬುಡ 2 ಇಂಚು ದಪ್ಪ ಇದ್ದರೆ ಮರ ಸುಮಾರು 12 ಇಂಚು ಎತ್ತರ ಸಾಕು. ರೆಂಬೆ ಬಗ್ಗಿಸಲು ಅಲ್ಯೂಮಿನಿಯಂ ತಂತಿ ಸುತ್ತಿ, ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಿ. ತಟ್ಟೆಗೆ ಬದಲಾಯಿಸುವುದು ಮುಂಗಾರು ಶುರುವಾದಾಗ. ಜರಡಿ ಹಿಡಿದ ಇಟ್ಟಿಗೆ ಚೂರು ಹಾಕಿ, ನೀರು ನಿಲ್ಲಬಾರದು. ಅದೂ ಬುಡ ಸಿದ್ಧವಾದ ಮೇಲೆ!

ಮನೆಯೊಳಗೆ ಟೀವಿ ಪಕ್ಕ ಇಡಬಹುದಾ ಅಂತ ಪತ್ರ ಬರೆಯಬೇಡಿ. ಅದು ಆಲದ ಮರ, ಅದಕ್ಕೆ ಬಿಸಿಲು ಬೇಕು. ನೆಂಟರು ಬಂದಾಗ ಒಳಗೆ ತಂದು ತೋರಿಸಿ, ಅವರು ಹೊರಟ ಕೂಡಲೇ ಹೊರಗಿಡಿ. ನಮಸ್ಕಾರ.