ಸೀಟಿ ಯಾಕೆ ಊದಲಿಲ್ಲ?

ಕೇಳುಗರಿಗೆ ನಮಸ್ಕಾರ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಫುಟ್‌ಬಾಲ್ ರೆಫರಿಯಾಗಿದ್ದವನು. ಈಗ ಮೊಣಕಾಲು ಒಪ್ಪುವುದಿಲ್ಲ, ಟಿ.ವಿ. ಮುಂದೆ ಕೂತು ಬೇರೆ ರೆಫರಿಗಳಿಗೆ ಸಲಹೆ ಕೊಡುತ್ತೇನೆ. ಅವರಿಗೆ ಕೇಳಿಸುವುದಿಲ್ಲ, ಅದು ಅವರ ಪುಣ್ಯ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಾಫಿ ಹೋಟೆಲಿನಲ್ಲಿ ಎಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. 'ಸರ್, ಆವತ್ತು ಚೆಟ್ರಿ ಗೋಲ್ ಹೊಡೆದಾಗ ರೆಫರಿ ಸೀಟಿ ಯಾಕೆ ಊದಲಿಲ್ಲ?'

ಆವತ್ತು ಅಂದರೆ 2023ರ ಮಾರ್ಚ್ 3. ಕಂಠೀರವ ಕ್ರೀಡಾಂಗಣ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಪ್ಲೇಆಫ್. ಬೆಂಗಳೂರು ಎಫ್‌ಸಿ ಲೀಗಿನಲ್ಲಿ ನಾಲ್ಕನೇ ಸ್ಥಾನ, ಕೇರಳ ಬ್ಲಾಸ್ಟರ್ಸ್ ಐದನೇ ಸ್ಥಾನ. ಒಂದೇ ಪಂದ್ಯ, ಸೋತವರು ಮನೆಗೆ. ನಮ್ಮ ಬೆಂಗಳೂರಿನವರು ಸತತ ಎಂಟು ಪಂದ್ಯ ಗೆದ್ದು ಬಂದಿದ್ದರು. ಆದರೂ ತೊಂಬತ್ತು ನಿಮಿಷ ಆದರೂ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾಯಿತು. ನಮ್ಮ ಸುನೀಲ್ ಚೆಟ್ರಿಯನ್ನು ಪೆನಾಲ್ಟಿ ಬಾಕ್ಸಿನ ಹೊರಗೆ ಬೀಳಿಸಿದರು, ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ತಮ್ಮ ಆಟಗಾರರನ್ನು ಅಡ್ಡ ನಿಲ್ಲಿಸಿ ಗೋಡೆ ಕಟ್ಟಿಸುತ್ತಾ ಇದ್ದಾರೆ. ಚೆಟ್ರಿ ಮೆಲ್ಲಗೆ ಚೆಂಡು ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲ್ ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಮೈದಾನಕ್ಕೆ ಬಂದು ತಂಡವನ್ನೇ ಕರೆದುಕೊಂಡು ಹೋದರು. ಕೊನೆಗೆ 1-0, ಬೆಂಗಳೂರು ಗೆದ್ದಿತು ಅಂತ ಘೋಷಣೆ ಆಯಿತು.

ಈಗ ನಾನು ಹೇಳುವುದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಫ್ರೀ ಕಿಕ್‌ಗೆ ಸೀಟಿ ಬೇಕಿಲ್ಲ. ಫೌಲ್‌ಗೆ ಸೀಟಿ ಬೇಕು, ಆಟ ನಿಲ್ಲಬೇಕಲ್ಲ. ಮತ್ತೆ ಆಟ ಶುರುಮಾಡಲು ಬೇಕಿಲ್ಲ. ಫ್ರೀ ಕಿಕ್ ಅನ್ನುವುದು ಏಟು ತಿಂದವನ ಹಕ್ಕು. ಏಟು ಕೊಟ್ಟವನು ಗೋಡೆ ಕಟ್ಟಿ, ಶೂ ಲೇಸ್ ಬಿಗಿದು, ನೀರು ಕುಡಿದು 'ಹೂಂ, ಈಗ ಹೊಡಿ' ಅನ್ನುವ ತನಕ ಇವನು ಕಾಯಬೇಕಾ? ಬೇಡ. ಕೆಲವು ಸಂದರ್ಭ ಬಿಟ್ಟು. ಕಾರ್ಡ್ ತೋರಿಸಿದ್ದರೆ, ಗಾಯಕ್ಕೋ ಆಟಗಾರ ಬದಲಾಗಲಿಕ್ಕೋ ಆಟ ನಿಂತಿದ್ದರೆ ಸೀಟಿ ಬೇಕು. ಇಲ್ಲಿ ಮುಖ್ಯವಾದದ್ದು ಇನ್ನೊಂದು. ರೆಫರಿ 'ತಾಳು, ಎದುರಾಳಿಗಳನ್ನು ಹತ್ತು ಗಜ ಹಿಂದೆ ಸರಿಸುತ್ತೇನೆ' ಅಂದರೆ, ಅಲ್ಲಿಂದಾಚೆಗೆ ಸೀಟಿ ಆಗುವ ತನಕ ಚೆಂಡು ಮುಟ್ಟುವ ಹಾಗಿಲ್ಲ. ಅಷ್ಟೇ. ಹಾಗಾಗಿ 'ಸೀಟಿ ಯಾಕೆ ಊದಲಿಲ್ಲ' ಅನ್ನುವುದು ತಪ್ಪು ಪ್ರಶ್ನೆ. 'ರೆಫರಿ ತಾಳು ಅಂದರಾ' ಅನ್ನುವುದು ಸರಿಯಾದ ಪ್ರಶ್ನೆ.

ಆ 'ತಾಳು' ಎಷ್ಟು ದುಬಾರಿ ಅಂತ ನನಗೆ ಗೊತ್ತು. ಒಂದು ಕಥೆ ಹೇಳುತ್ತೇನೆ, ಚಿಕ್ಕದು.

ಆಸ್ಟಿನ್ ಟೌನ್ ಮೈದಾನ. ನಾನಿನ್ನೂ ಹೊಸಬ, ಹೊಸ ಕಪ್ಪು ಅಂಗಿ, ಜೇಬಲ್ಲಿ ಎರಡು ಸೀಟಿ. ಒಂದು ಕೆಟ್ಟರೆ ಇರಲಿ ಅಂತ. ಗಲ್ಲಿ ತಂಡಗಳ ನಾಕೌಟ್ ಟೂರ್ನಿ, ಸೆಮಿಫೈನಲ್. ಟೂರ್ನಿ ಗೆದ್ದವರಿಗೆ ಕಪ್, ಜೊತೆಗೆ ಬಿರಿಯಾನಿ. ಬಿರಿಯಾನಿಯ ವಾಸನೆ ಮಧ್ಯಾಹ್ನದಿಂದಲೇ ಮೈದಾನಕ್ಕೆ ಬರುತ್ತಿತ್ತು, ಆಟಗಾರರ ತಲೆ ಕೆಟ್ಟಿತ್ತು. ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಈಚೆಗೂ ಜನ ನಿಂತಿದ್ದರು. ಗೋಲಿಲ್ಲ, ಇನ್ನು ಐದು ನಿಮಿಷ ಇದೆ. ಬಾಕ್ಸಿನ ಅಂಚಿನಲ್ಲಿ ಫೌಲ್. ಸೀಟಿ ಊದಿದೆ. ಕಡ್ಡಿಯಂಥ ಹುಡುಗ ಒಬ್ಬ ಚೆಂಡು ಇಟ್ಟು ನನ್ನ ಮುಖ ನೋಡಿದ. 'ಸರ್, ಹೊಡೀಲಾ?' ಅಂದ. 'ಹೊಡಿ' ಅಂದೆ.

ಅಷ್ಟರಲ್ಲಿ ಎದುರು ತಂಡದ ಕ್ಯಾಪ್ಟನ್, ನನಗಿಂತ ಹದಿನೈದು ವರ್ಷ ದೊಡ್ಡವರು, 'ರೆಫ್ರೀ, ಹತ್ತು ಗಜ ತೋರಿಸಿ' ಅಂದರು. ದೊಡ್ಡವರು ಹೇಳಿದರಲ್ಲ ಅಂತ ನಾನು ಬೆನ್ನು ತಿರುಗಿಸಿ ಹೆಜ್ಜೆ ಎಣಿಸಲು ಹೊರಟೆ. ಒಂದು, ಎರಡು, ಮೂರು... ಏಳಕ್ಕೆ ಬಂದಾಗ ಮೈದಾನ ಗೋ ಅಂತ ಕೂಗಿತು. ತಿರುಗಿ ನೋಡಿದರೆ ಚೆಂಡು ಬಲೆಯೊಳಗೆ. ಹುಡುಗ ಅಂಗಿ ಬಿಚ್ಚಿ ಓಡುತ್ತಿದ್ದಾನೆ.

ಗೋಲ್ ಕೊಟ್ಟೆ! ಕೈ ತಾನಾಗಿ ಸೆಂಟರ್ ಕಡೆ ಹೋಯಿತು. ಮರುಕ್ಷಣ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ನಾನು ಹೆಜ್ಜೆ ಎಣಿಸಲು ಹೊರಟೆನಲ್ಲ, ಅದೇ 'ತಾಳು'. ಬಾಯಲ್ಲಿ ಹೇಳಲಿಲ್ಲ, ಕಾಲಲ್ಲಿ ಹೇಳಿದೆ. ಆಟ ಮತ್ತೆ ಶುರುವಾಗಿರಲಿಲ್ಲ, ಗೋಲ್ ವಾಪಸ್ ತೆಗೆದುಕೊಂಡೆ. ಆಮೇಲೆ ಆದದ್ದನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲ. ನನ್ನ ಅಮ್ಮನನ್ನು ಕಂಡೇ ಇಲ್ಲದವರೂ ಆಕೆಯನ್ನು ನೆನೆದರು. ಹುಡುಗ ಮತ್ತೆ ಹೊಡೆದ. ಚೆಂಡು ಬಾರಿನ ಮೇಲೆ ಹಾರಿ ಆಚೆ ರಸ್ತೆಗೆ ಬಿತ್ತು. ಅವರ ತಂಡ ಪೆನಾಲ್ಟಿಯಲ್ಲಿ ಸೋತಿತು. ಬಿರಿಯಾನಿ ಬೇರೆಯವರು ತಿಂದರು.

ಎಷ್ಟೋ ವರ್ಷ ಆದಮೇಲೆ ಶಿವಾಜಿನಗರದಲ್ಲಿ ಆಟೋ ಹತ್ತಿದೆ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾನೆ, ನೋಡುತ್ತಾನೆ. ಸಿಗ್ನಲ್ ಹತ್ತಿರ ನಿಲ್ಲಿಸಿ ಹಿಂದೆ ತಿರುಗಿದ. 'ಸರ್, ಹೊಡೀಲಾ?' ಅಂದ. ಮೀಟರ್ ಮೇಲೆ ಮೂವತ್ತು ರೂಪಾಯಿ ಜಾಸ್ತಿ ತೆಗೆದುಕೊಂಡ. ಸುಮ್ನೆ ಕೊಟ್ಟೆ.

ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ, ಸಮಯ ಕಮ್ಮಿ ಇದೆಯಂತೆ. ಬೇಗ ಹೇಳುತ್ತೇನೆ.

ಕಂಠೀರವದಲ್ಲಿ ಆದದ್ದು ಬೇರೆ. ಸೀಟಿಯೂ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಹೇಳಿದ್ದೆ ಅಂತ ಚೆಟ್ರಿಯೇ ಆಮೇಲೆ ಹೇಳಿದರು. ಕೇರಳದ ಆಟಗಾರ ಲೂನಾಗೂ ಅದು ಕೇಳಿಸಿತ್ತಂತೆ, ಮೊದಲ ಸಲ ಹೊಡೆಯಲು ಹೋದಾಗ ಅಡ್ಡ ಬಂದರಂತೆ. ಮತ್ತೆ ಮೋಸ ಎಲ್ಲಿ? ತುಂಬಾ ಹೊತ್ತಾಗಿತ್ತು, ಅದು ತಕ್ಷಣದ ಕಿಕ್ ಅಲ್ಲ ಅನ್ನುವುದು ಕೇರಳದವರ ವಾದ. ನಿಯಮದಲ್ಲಿ ಗಡಿಯಾರ ಇಲ್ಲ ಸ್ವಾಮಿ. ಇಲ್ಲಿ ಲೆಕ್ಕಕ್ಕೆ ಬರುವುದು 'ತಾಳು' ಇದೆಯಾ ಇಲ್ಲವಾ, ಅದು ಮಾತ್ರ.

ಇನ್ನು ಕೋಚ್ ವಿಚಾರ. ಹೊಟ್ಟೆ ಉರಿದಿದ್ದು ಸರಿ, ತಂಡ ಕರೆದುಕೊಂಡು ಹೋಗಿದ್ದು ಸರಿಯಲ್ಲ. ಇನ್ನೂ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಆಟ ಇತ್ತು, ಒಂದು ಗೋಲ್ ಹೊಡೆಯಬಹುದಿತ್ತಲ್ವಾ? ಬದಲಿಗೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ, ಅಂದರೆ ಎಐಎಫ್‌ಎಫ್, ಕ್ಲಬ್ಬಿಗೆ 4 ಕೋಟಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಮೇಲ್ಮನವಿಯೂ ಬಿದ್ದುಹೋಯಿತು. ವಿಡಿಯೋ ನೋಡಿ ತೀರ್ಪು ಪರೀಕ್ಷಿಸುವ ವಿಎಆರ್ ಆಗ ಐಎಸ್‌ಎಲ್‌ನಲ್ಲಿ ಇರಲಿಲ್ಲ. ಇದ್ದಿದ್ದರೂ ಜನ ಜಗಳ ಬಿಡುತ್ತಿರಲಿಲ್ಲ.

ಹದಿನೈದು ದಿನ ಕಳೆಯಿತು. ಮಾರ್ಚ್ 18, ಗೋವಾದ ಫಟೋರ್ಡಾದಲ್ಲಿ ಫೈನಲ್, ಎಟಿಕೆ ಮೋಹನ್ ಬಾಗಾನ್ ವಿರುದ್ಧ. 2-2. ಮೂರು ಗೋಲ್ ಪೆನಾಲ್ಟಿಯಿಂದಲೇ ಬಂದವು, ಅದರಲ್ಲಿ ಎರಡು ಅವರದು. ಶೂಟೌಟ್‌ನಲ್ಲಿ ನಾವು 4-3ಕ್ಕೆ ಸೋತೆವು. ಪಂದ್ಯ ಮುಗಿದು ಐದು ನಿಮಿಷ ಆಗಿಲ್ಲ, ನನ್ನ ಫೋನ್. ಕಂಠೀರವದಲ್ಲಿ ರೆಫರಿಯನ್ನು ಹೊಗಳಿದ್ದ ಅದೇ ಪುಣ್ಯಾತ್ಮ. 'ಸರ್, ಆ ರೆಫರಿ ಕುರುಡನಾ? ಪೆನಾಲ್ಟಿಗೆ ಯಾಕೆ ಸೀಟಿ ಊದಿದ?'

'ಪೆನಾಲ್ಟಿಗೆ ಸೀಟಿ ಬೇಕಪ್ಪಾ' ಅಂದು ಫೋನ್ ಇಟ್ಟೆ.

ನಮಸ್ಕಾರ.