ನಮ್ಮ ನೀರಿನ ಲೆಕ್ಕ ಒಳ್ಳೆ ಜರ್ನಲ್‌ಗೆ ಹೋಗಲಿ

ಕೇಳುಗರೇ, ನಮಸ್ಕಾರ.

ದಾವಣಗೆರೆ, ಚಿತ್ರದುರ್ಗದಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡುತ್ತಿರುವ ಹುಡುಗ ಹುಡುಗಿಯರ ಜೊತೆ ಇವತ್ತು ನನ್ನ ಮಾತು. ಅವರ ಮನೆಯವರೂ ಕೇಳಲಿ. ಜರ್ನಲ್ ಅಂದರೆ ಸಂಶೋಧನಾ ಪತ್ರಿಕೆ, ಪೇಪರ್ ಅಂದರೆ ಅದರಲ್ಲಿ ಬರುವ ಸಂಶೋಧನಾ ಲೇಖನ. ಆ ಪೇಪರ್ ಹಾಕಿಸೋಕೆ ಕಟ್ಟುವ ದುಡ್ಡು ಎಷ್ಟೋ ಸಲ ಮನೆಯಿಂದಲೇ ಹೋಗುತ್ತದೆ.

ನೇರವಾಗಿ ಹೇಳುತ್ತೇನೆ. ನಮ್ಮ ಕಡೆ ಮೈಮುರಿದು ಮಾಡಿದ ಒಳ್ಳೆ ಕೆಲಸ ಯಾರೂ ಓದದ, ಯಾರೂ ನಂಬದ ಜರ್ನಲ್‌ಗಳಿಗೆ ಹೋಗಿ ಮಣ್ಣುಪಾಲಾಗುತ್ತಿದೆ. ನನಗೆ ಇದು ತುಂಬಾ ಸಂಕಟದ ವಿಷಯ.

ಕುಡಿಯುವ ನೀರಿನ ಫ್ಲೋರೈಡನ್ನೇ ತಗೊಳ್ಳಿ, ಜಾಸ್ತಿಯಾದರೆ ಹಲ್ಲು, ಮೂಳೆ ಹಾಳು ಮಾಡುತ್ತದೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಆಗಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಒಬ್ಬ ಹುಡುಗಿ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಅಂತ ಬಸ್ಸಿನಲ್ಲಿ ಅಲೆದು, ಊರೂರಿನ ಬೋರ್‌ವೆಲ್ ನೀರು ಹಿಡಿದು ತಂದು, ಲ್ಯಾಬಿನಲ್ಲಿ ಕೂತು ಅಳೆಯುತ್ತಾಳೆ ಅಂದುಕೊಳ್ಳಿ. ಅಷ್ಟು ಕಷ್ಟಪಟ್ಟು ಕೊನೆಗೆ 'ಇಲ್ಲಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ' ಅಂತ ಬರೆದರೆ ಒಳ್ಳೆ ಜರ್ನಲ್ ವಾಪಸ್ ಕಳಿಸುತ್ತದೆ. ಅದು ಗೊತ್ತಿರುವ ವಿಷಯ ಅಲ್ವಾ?

ಪೇಪರ್‌ಗೆ ಒಂದು ಪ್ರಶ್ನೆ ಬೇಕು. ಒಂದೇ ಸಾಕು. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮತ್ತೆ ತುಂಬಿ ಕೋಡಿ ಬಿದ್ದಿದ್ದು 2022ರಲ್ಲಿ. ಅಷ್ಟು ನೀರು ನಿಂತ ಮೇಲೆ ಸುತ್ತಲಿನ ಬೋರ್‌ಗಳಲ್ಲಿ ಫ್ಲೋರೈಡ್ ಇಳಿಯಿತಾ? ಹಳೆಯ ಅಂಕಿಅಂಶ ಕೈಗೆ ಸಿಕ್ಕರೆ ಇದು ಎಂಥಾ ಪ್ರಶ್ನೆ ನೋಡಿ! ಆಳದ ಬೋರ್‌ಗೂ ಮೇಲಿನ ನೀರಿಗೂ ಎಷ್ಟು ವ್ಯತ್ಯಾಸ, ಮಳೆಗಾಲಕ್ಕೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಇವೂ ಪ್ರಶ್ನೆಗಳೇ. ಇದಕ್ಕೆಲ್ಲ ಉತ್ತರ ಇಲ್ಲಿದ್ದು ಕೆಲಸ ಮಾಡುವವರ ಹತ್ತಿರವೇ ಸಿಗಬೇಕು.

ಬರೆಯೋಕೆ ಕೂತಾಗ ಪೀಠಿಕೆಯಿಂದ ಶುರು ಮಾಡಬೇಡಿ. 'ನೀರು ಜೀವಜಲ' ಅಂತ ಎರಡು ಪುಟ ಹೋಗುತ್ತದೆ, ಸುಮ್ನೆ. ಮೊದಲು ಕೆಲಸ ಹೇಗೆ ಮಾಡಿದಿರಿ ಅನ್ನುವುದನ್ನು ಬರೆಯಿರಿ. ನೀರು ಹಿಡಿಯುವ ಮುಂಚೆ ಪಂಪ್ ಎಷ್ಟು ಹೊತ್ತು ಓಡಿಸಿದಿರಿ? ಬಾಟಲಿ ಪ್ಲಾಸ್ಟಿಕ್ಕಿನದಾ? ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ, ಅದಕ್ಕೇ ಕೇಳುತ್ತಾರೆ. ಬೋರ್ ಎಷ್ಟು ಅಡಿ, ಯಾವ ತಿಂಗಳು, ಒಂದೊಂದು ನೀರನ್ನು ಎಷ್ಟು ಸಲ ಅಳೆದಿರಿ, ಎಲೆಕ್ಟ್ರೋಡ್‌ನಲ್ಲೋ ಬಣ್ಣದ ವಿಧಾನದಲ್ಲೋ, ಇಷ್ಟೂ ಇರಬೇಕು. ಕ್ಯಾಲ್ಸಿಯಂ, ಸೋಡಿಯಂ ಕೂಡ ಅಳೆಯಿರಿ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಜಾಸ್ತಿ ಇರುವ ನೀರಿನಲ್ಲಿ ಕಲ್ಲಿನೊಳಗಿನ ಫ್ಲೋರೈಡ್ ಹೆಚ್ಚು ಕರಗಿ ಉಳಿಯುತ್ತದೆ. ಕಾರಣ ಹೇಳೋಕೆ ಹೊರಟಾಗ ಈ ಲೆಕ್ಕಗಳೇ ಬೇಕಾಗುತ್ತವೆ. ಆಮೇಲೆ ಕೋಷ್ಟಕ, ಫಲಿತಾಂಶ, ಚರ್ಚೆ. ಪೀಠಿಕೆ ಅದರ ನಂತರ, ಸಾರಾಂಶ ಕೊಟ್ಟಕೊನೆಗೆ.

ಇನ್ನು ಯಾವ ಜರ್ನಲ್? ಇಲ್ಲೇ ನಮ್ಮ ಮಕ್ಕಳು ಬಲೆಗೆ ಬೀಳುವುದು. ಮೇಲ್ ಬರುತ್ತದೆ, ವಾಟ್ಸಾಪ್ ಬರುತ್ತದೆ. 'ಗೌರವಾನ್ವಿತ ಸಂಶೋಧಕರೇ, ಮೂರು ದಿನದಲ್ಲಿ ಪ್ರಕಟಣೆ, ಇಂಪ್ಯಾಕ್ಟ್ ಫ್ಯಾಕ್ಟರ್ ಇಷ್ಟು, ಸರ್ಟಿಫಿಕೇಟ್ ಉಚಿತ.' ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಆ ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಲೆಕ್ಕ. ಮೂರು ದಿನದಲ್ಲಿ ನಿಮ್ಮ ಪೇಪರನ್ನು ಯಾರು ಓದಿರುತ್ತಾರೆ ಹೇಳಿ? ಒಳ್ಳೆ ಜರ್ನಲ್‌ನಲ್ಲಿ ಸಂಪಾದಕರು ನೋಡಿ, ಆ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸಿ, ಅವರು ಓದಿ ಬರೆಯೋಕೆ ತಿಂಗಳುಗಳೇ ಹಿಡಿಯುತ್ತವೆ. ದುಡ್ಡು ಕೇಳಿದ ಮಾತ್ರಕ್ಕೆ ಮೋಸ ಅನ್ನೋಕಾಗಲ್ಲ, ಎಲ್ಲರಿಗೂ ಉಚಿತವಾಗಿ ಓದಲು ಬಿಡುವ ಒಳ್ಳೆ ಜರ್ನಲ್‌ಗಳಲ್ಲೂ ಎಷ್ಟೋ ಶುಲ್ಕ ಪಡೆಯುತ್ತವೆ. ಓದದೇ ಅಚ್ಚು ಹಾಕುತ್ತಾರಲ್ಲ, ಅದು ಮೋಸ.

ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ, ಒಳ್ಳೆ ಜರ್ನಲ್ ಯಾವುದು ಅಂತ ಹೇಳುತ್ತಿದ್ದ ತನ್ನ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಹಾಗಾಗಿ ಜರ್ನಲ್ ಪರೀಕ್ಷೆ ಮಾಡುವ ಹೊಣೆ ಈಗ ನಮ್ಮದೇ. ಅದರ ಹಳೆ ಸಂಚಿಕೆ ತೆಗೆದು ನಾಲ್ಕು ಪೇಪರ್ ಪೂರ್ತಿ ಓದಿ. ಸಂಪಾದಕ ಮಂಡಳಿಯಲ್ಲಿರುವವರು ಅವರ ಹೆಸರಿನ ಜೊತೆ ಹಾಕಿರುವ ವಿಶ್ವವಿದ್ಯಾಲಯದಲ್ಲಿ ನಿಜವಾಗಿ ಇದ್ದಾರಾ ಅಂತ ಹುಡುಕಿ. ಪಿಎಚ್.ಡಿ. ಪ್ರಬಂಧ ಸಲ್ಲಿಸೋಕೆ ಪೇಪರ್ ಕಡ್ಡಾಯ ಅನ್ನುವ ನಿಯಮವನ್ನು ಯುಜಿಸಿ 2022ರಲ್ಲೇ ತೆಗೆದಿದೆ, ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ಅಂತ ಒಮ್ಮೆ ವಿಚಾರಿಸಿ. ಗಡಿಬಿಡಿಯಲ್ಲಿ ಎಲ್ಲೋ ಒಂದು ಕಡೆ ಹಾಕಿಸಿದರೆ ಅದೇ ಪೇಪರನ್ನು ಮತ್ತೆ ಒಳ್ಳೆ ಕಡೆ ಕಳಿಸೋಕೆ ಬರುವುದಿಲ್ಲ.

ಇಂಟರ್‌ನ್ಯಾಷನಲ್ ಅನ್ನುವ ಹೆಸರಿಗೂ ಮರುಳಾಗಬೇಡಿ. ಸರ್ ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ತಾವು ಕಂಡುಹಿಡಿದ ಹೊಸ ಬೆಳಕಿನ ಬಗ್ಗೆ ಭಾಷಣ ಮಾಡಿದರು. ಅದು ಅಚ್ಚಾಗಿದ್ದು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ. ಎರಡೇ ವರ್ಷಕ್ಕೆ ನೊಬೆಲ್ ಬಂತು. ಅವರು 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿ ಇವತ್ತಿಗೂ ಒಳ್ಳೆ ಜರ್ನಲ್‌ಗಳನ್ನು ತರುತ್ತಿದೆ. 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಕೂಡ ಬೆಂಗಳೂರಿನದೇ. ಮೊದಲು ಇವನ್ನು ಓದಿ. ಹೊರಗಿನ ದುಬಾರಿ ಜರ್ನಲ್ ಓದೋಕೂ ಈಗ ದಾರಿ ಇದೆ. 2025ರಿಂದ 'ಒಂದು ದೇಶ, ಒಂದು ಚಂದಾ' ಅಂತ ಕೇಂದ್ರದ ಯೋಜನೆ ಬಂದಿದೆ, ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸುಮಾರು 13 ಸಾವಿರ ಜರ್ನಲ್. ಲೈಬ್ರರಿಗೆ ಹೋಗಿ ಕೇಳಿ.

ಸಂಪಾದಕರು ಪೇಪರ್ ಕಳಿಸಿದ್ದ ಆ ವಿಷಯ ಬಲ್ಲವರ, ಅಂದರೆ ವಿಮರ್ಶಕರ ಟೀಕೆ ಬಂದಾಗ ಎದೆ ಒಡೆದುಕೊಳ್ಳಬೇಡಿ. ಒಂದೊಂದಕ್ಕೂ ಕೆಳಗೇ ಉತ್ತರ ಬರೆಯಿರಿ. ಒಪ್ಪಿದರೆ ಏನು ತಿದ್ದಿದಿರಿ, ಯಾವ ಪುಟದಲ್ಲಿ ಅಂತ ಹೇಳಿ. ಒಪ್ಪದಿದ್ದರೆ ಯಾಕೆ ಅಂತ ವಿನಯವಾಗಿ, ಲೆಕ್ಕ ತೋರಿಸಿ ಹೇಳಿ. ನಿಮ್ಮ ಪರಿಚಯವೇ ಇಲ್ಲದ ಯಾರೋ ಒಬ್ಬರು ಸಂಬಳವಿಲ್ಲದೆ ಕೂತು ನಿಮ್ಮ ಕೆಲಸ ಓದಿದ್ದಾರೆ ಅನ್ನುವುದು ನೆನಪಿರಲಿ. ಆಗಲ್ಲ ಅಂತ ವಾಪಸ್ ಬಂದರೂ ಅವರ ಮಾತು ಇಟ್ಟುಕೊಂಡು ತಿದ್ದಿ ಬೇರೆ ಕಡೆ ಕಳಿಸಿ. ಆದರೆ ಒಂದೇ ಸಲ ಎರಡು ಜರ್ನಲ್‌ಗೆ ಬೇಡ.

ಇನ್ನೊಂದು. ಪೇಪರ್ ಅಚ್ಚಾಗೋಕೆ ವರ್ಷ ಹಿಡಿಯಬಹುದು. ಯಾವ ಬೋರ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ ಅಂತ ಆ ಊರಿನ ಜನಕ್ಕೆ, ಪಂಚಾಯಿತಿಗೆ ಹೇಳೋಕೆ ಅಲ್ಲಿಯ ತನಕ ಕಾಯಬೇಡಿ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಈ ವಾರವೇ ಕೊಟ್ಟು ಬನ್ನಿ. ಅಲ್ಲಿನ ಮಕ್ಕಳು ಇವತ್ತೂ ಅದೇ ನೀರು ಕುಡಿಯುತ್ತಿದ್ದಾರೆ.

ನಮಸ್ಕಾರ.